ಚೀಟಿ ಉದುರದಂತೆ ಕಾಯುವ ಐಸಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಐಸಕ್ಕ ಆಗಲೇ ಸ್ವೆಟರಿನ ಮೇಲೆ ಬಿಳಿ ಕೋಟು ತೊಟ್ಟು ಬಕೆಟ್ಟಿಗೆ ಐಸು ತುಂಬುತ್ತಿದ್ದಾರೆ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕಕ್ಕಷ್ಟೇ. ಜವಾನನಿಂದ ಮುಖ್ಯಸ್ಥರವರೆಗೆ ಎಲ್ಲರಿಗೂ ಅವರು ಐಸಕ್ಕನೇ. "ನಮ್ಮನೆಯವ್ರು ಮಾತ್ರ ಬೆಂಕಿ ಅಂತಾರೆ" ಎಂದು ಅವರೇ ನಗುತ್ತಾರೆ.

ಅವರು ಕಾಯುವುದು ಕಣ್ಣಿಗೆ ಕಾಣದ ಚೀಟಿಗಳನ್ನು. ನಮ್ಮ ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಒಂದಕ್ಕೊಂದು ಸರಪಳಿಯಾಗಿ ಪೋಣಿಸಿ ಚೀಟಿಯಂತೆ ಅಂಟಿಸುತ್ತವೆ. ಒಂದು ಬಗೆಯ ಸರಪಳಿ ಅಂಟಿದರೆ 'ಇದನ್ನು ಒಡೆದುಹಾಕಿ' ಎಂದರ್ಥ. ಇನ್ನೊಂದು ಬಗೆಯದಾದರೆ 'ಮೈಗೆ ಅಪಾಯ, ಎದ್ದೇಳಿ' ಎಂದು. ಕೆಲಸ ಮುಗಿದ ಚೀಟಿ ಕೀಳಲು ಬೇರೆ ಕಿಣ್ವಗಳಿವೆ. ತಮಾಷೆಯೆಂದರೆ, ಜೀವಕೋಶವನ್ನು ಒಡೆದು ಟ್ಯೂಬಿಗೆ ಹಾಕಿದ ಮೇಲೂ ಅವು ಸುಮ್ಮನಿರುವುದಿಲ್ಲ. ತುಸು ಬೆಚ್ಚಗಾದರೆ ಸಾಕು, ಇದ್ದಬದ್ದ ಚೀಟಿಗಳನ್ನೆಲ್ಲ ಕಿತ್ತುಬಿಡುತ್ತವೆ. ಅದಕ್ಕೇ ಐಸು, ಜೊತೆಗೆ ಅವುಗಳ ಕೈಕಟ್ಟಲು ಒಂದು ರಾಸಾಯನಿಕ. ನೀರು ಸೋಕಿದರೆ ಅದೂ ಬೇಗ ಕೆಡುವುದರಿಂದ ದಿನಾ ಹೊಸದಾಗಿ ಕಲಸಬೇಕು.

"ಒಲೆ ಮೇಲೆ ಹಾಲಿಟ್ಟ ಹಾಗೆ. ಮಧ್ಯೆ ಎದ್ದು ಹೋಗೋ ಹಾಗಿಲ್ಲ."

ಹೀಗೆನ್ನುವ ಐಸಕ್ಕನೇ ಕಳೆದ ತಿಂಗಳು ಎದ್ದು ಹೋಗಿದ್ದರು. ತಂಗಿಗೆ ಹೆರಿಗೆಯಾಯಿತೆಂದು ಫೋನು. ಖುಷಿಯಲ್ಲಿ ಹೊರಗೆ ಓಡಿದರು. ಟ್ಯೂಬು ಐಸಿನ ಹೊರಗೆ ಮೇಜಿನ ಮೇಲೆಯೇ ಉಳಿಯಿತು. ಅದು ಹುಟ್ಟಿದಾಗಿನಿಂದ ಜ್ವರ ಬಿಡದ ನಾಲ್ಕು ವರ್ಷದ ಹುಡುಗಿಯ ರಕ್ತದ್ದು. ಚೀಟಿ ಕೀಳುವ ಕಿಣ್ವವೊಂದು ಅವಳಲ್ಲಿ ಕೆಟ್ಟಿದೆ, ಚೀಟಿಗಳು ರಾಶಿ ಬಿದ್ದು ಸೋಂಕಿಲ್ಲದೆಯೂ ಮೈ ಸುಡುತ್ತಿದೆ ಎಂಬುದು ವೈದ್ಯರ ಅನುಮಾನ. ಪರೀಕ್ಷೆಯಲ್ಲಿ ರಾಶಿ ಕಾಣಲಿಲ್ಲ. ಎಲ್ಲ ಸರಿಯಿದೆ ಎಂದು ಮುಖ್ಯಸ್ಥರು ಬರೆದು ಕಳಿಸಲು ಹೊರಟಿದ್ದರು. ಉಳಿದ ಕಿಣ್ವಗಳು ಟ್ಯೂಬಿನಲ್ಲೇ ಆ ರಾಶಿಯನ್ನು ಕಿತ್ತಿರಬಹುದೆಂಬ ಭಯ ಐಸಕ್ಕನೊಬ್ಬರಿಗೇ. ಹೊಟ್ಟೆಯಲ್ಲೇ ಇಟ್ಟುಕೊಳ್ಳಬಹುದಿತ್ತು. "ಸಾರ್, ಇದನ್ನ ನಂಬಬೇಡಿ, ಟ್ಯೂಬು ಹೊರಗಿತ್ತು" ಎಂದುಬಿಟ್ಟರು. ಚೆನ್ನಾಗಿ ಬೈಸಿಕೊಂಡರು. ಫೋನಿನ ಕತೆ ಕೇಳಿ, ಅದಕ್ಕಾಗಿ ಮಗಳಿಗೆ ಮತ್ತೆ ಸೂಜಿ ಎಂದಾಗ ತಾಯಿ ಕೆಂಡಾಮಂಡಲವಾದಳು.

ಇಂದು ಎರಡನೆಯ ಸಲದ ರಕ್ತ. ಟ್ಯೂಬು ಹಿಡಿದು ಬಂದ ನರ್ಸಿನ ಹಿಂದೆಯೇ ತಾಯಿಯೂ ಬಂದು ಬಾಗಿಲಲ್ಲಿ ನಿಂತಿದ್ದಾಳೆ.

"ಫೋನ್ ಎಲ್ಲಿ?"

"ಮನೇಲೇ ಬಿಟ್ಟು ಬಂದೆ ತಾಯಿ."

ಮರುದಿನ ಸಂಜೆ ಪರದೆಯ ಮೇಲೆ ಚೀಟಿಗಳನ್ನು ಕಪ್ಪಾಗಿ ತೋರಿಸುವ ಚಿತ್ರ ಮೂಡುತ್ತದೆ. ಹೋಲಿಕೆಗೆಂದು ಜೊತೆಗಿಟ್ಟ ಆರೋಗ್ಯವಂತರ ರಕ್ತದ ಸಾಲಿನಲ್ಲಿ ತೆಳು ನೆರಳಷ್ಟೇ. ಹುಡುಗಿಯ ಸಾಲಿನಲ್ಲಿ ಉದ್ದಕ್ಕೂ ದಟ್ಟ ಕಪ್ಪು. ಕಿತ್ತುಹೋಗದೆ ಉಳಿದ ಚೀಟಿಗಳ ರಾಶಿ. ಈ ಜ್ವರಕ್ಕೆ ಔಷಧವಿದೆ, ನಾಳೆಯೇ ಶುರು ಮಾಡೋಣ ಎನ್ನುತ್ತಾರೆ ವೈದ್ಯರು. ಐಸಕ್ಕನ ಕಣ್ಣು ತುಂಬುತ್ತದೆ. ಕೈಗವಸು ಕಳಚಿ ಮೇಲಿನ ವಾರ್ಡಿಗೆ ಹೊರಡುತ್ತಾರೆ.

"ಎರಡನೇ ಸಲ ಸೂಜಿ ಚುಚ್ಚಿಸಿದವಳು ನಾನು. ಇನ್ನು ಈ ಪರೀಕ್ಷೆಗೆ ಚುಚ್ಚಲ್ಲ ಕಂದಾ ಅಂತ ಹೇಳೋಕೂ ನಾನೇ ಹೋಗ್ಬೇಕಲ್ವಾ?"