ಗುಳುಂ ಅಣ್ಣ ಅಗಿಯಲು ಕಲಿತದ್ದು

ಆ ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವನು ಗುಳುಂ ಅಣ್ಣ. ಸಿಟಿ ಬಸ್ಸಿನ ಡ್ರೈವರಾಗಿ ಇಪ್ಪತ್ತನಾಲ್ಕು ವರ್ಷದ ಸರ್ವೀಸು, ಒಂದು ಅಪಘಾತವಿಲ್ಲ, ಒಂದು ಮೆಮೊ ಇಲ್ಲ. ಆದರೂ ಅಡ್ಡಹೆಸರು ಬಂದದ್ದು ಊಟದಿಂದ. ಅವನು ಡಬ್ಬಿಯ ಮುಚ್ಚಳ ತೆಗೆದದ್ದನ್ನು ಕಂಡವರಿದ್ದರು, ಮುಚ್ಚಳ ಹಾಕಿದ್ದನ್ನು ಕಂಡವರಿದ್ದರು. ನಡುವೆ ನಡೆದದ್ದು ಯಾರ ಕಣ್ಣಿಗೂ ಸಿಕ್ಕಿರಲಿಲ್ಲ. ಒಮ್ಮೆ ಮೆಕ್ಯಾನಿಕ್ ಒಬ್ಬ ಕೈಗಡಿಯಾರ ಹಿಡಿದು ಕೂತು, ಮೂರು ಡಬ್ಬಿ ಖಾಲಿಯಾಗಲು ಮೂರು ನಿಮಿಷ ನಲವತ್ತು ಸೆಕೆಂಡು ಎಂದು ಎಲ್ಲರಿಗೂ ಸಾರಿದ್ದ.

ಪಾಪ, ಅದು ಅವನ ಹುಟ್ಟುಗುಣವೇನೂ ಅಲ್ಲ. ಆರು ಗಂಡುಮಕ್ಕಳ ಮನೆಯಲ್ಲಿ ಅವನು ನಾಲ್ಕನೆಯವನು. ತಾಯಿ ದೊಡ್ಡ ತಟ್ಟೆಯೊಂದನ್ನು ನಡುವೆ ಇಟ್ಟು ಒಳಗೆ ಹೋದರೆ, ಅವಳು ನೀರು ತರುವಷ್ಟರಲ್ಲಿ ತಟ್ಟೆ ಬೆಳ್ಳಗಾಗಿರುತ್ತಿತ್ತು. ಅಲ್ಲಿ ಅಗಿಯುತ್ತಾ ಕೂತವನು ಹಸಿದು ಮಲಗಬೇಕು. ಮುಂದೆ ಕೆಲಸವೂ ಅಂಥದ್ದೇ ಸಿಕ್ಕಿತು. ಗಡಿಯಾರ ಗೋಪುರದಿಂದ ಸಾಬೂನು ಕಾರ್ಖಾನೆಗೆ ಒಂದು ಗಂಟೆ ಹತ್ತು ನಿಮಿಷದ ದಾರಿ, ಎರಡೂ ತುದಿಯಲ್ಲಿ ಹನ್ನೆರಡು ನಿಮಿಷದ ನಿಲುಗಡೆ. ಅಷ್ಟರಲ್ಲೇ ಶೌಚಾಲಯಕ್ಕೆ ಹೋಗಬೇಕು, ಮುಂದಿನ ಗಾಜು ಒರೆಸಬೇಕು, ಊಟವನ್ನೂ ಮುಗಿಸಬೇಕು. ಕಂಡಕ್ಟರ್ ಎರಡು ಸಲ ಸೀಟಿ ಊದಿದರೆ ಬಸ್ಸು ಹೊರಟಂತೆ. ಸೀಟಿ ಕೇಳಿಸಿದಾಗ ಬಾಯಲ್ಲಿ ಏನಿದ್ದರೂ ಗುಳುಂ, ಎಡಗಾಲು ಕ್ಲಚ್ಚಿಗೆ, ಎಡಗೈ ಗೇರಿಗೆ. ಇಷ್ಟು ವರ್ಷದಲ್ಲಿ ಈ ಮೂರೂ ಸೇರಿ ಒಂದೇ ಕೆಲಸವಾಗಿಬಿಟ್ಟಿತ್ತು.

ತಿಂದದ್ದು ಎಲ್ಲಿಗೆ ಹೋಗುತ್ತದೆ? ಮೈಗೇ ಹೋಯಿತು. ಸ್ಟೀರಿಂಗ್ ಚಕ್ರ ಅವನ ಹೊಟ್ಟೆಗೆ ಒತ್ತಿ, ಅಂಗಿಯ ಮೂರನೆಯ ಗುಂಡಿಯನ್ನು ಉಜ್ಜಿ ಉಜ್ಜಿ ಕಿತ್ತುಹಾಕುತ್ತಿತ್ತು. ಹೊಸ ಅಂಗಿ ತಂದ ದಿನವೇ ಹೆಂಡತಿ ಆ ಒಂದು ಗುಂಡಿಗೆ ಎರಡೆರಡು ಸಲ ದಾರ ಹಾಕಿ ಹೊಲಿಯುತ್ತಿದ್ದಳು. ತೂಕ ನೂರಾ ನಲವತ್ತೊಂದು ಕಿಲೋ ಮುಟ್ಟಿದ ವರ್ಷ ತಪಾಸಣೆಗೆ ಬಂದ ಡಾಕ್ಟರು ಅವನನ್ನು ಸೀಟಿನಲ್ಲಿ ಕೂರಿಸಿ ನೋಡಿದರು. "ಚಕ್ರ ತಿರುಗೋಕೆ ಜಾಗ ಇಲ್ವಲ್ಲಪ್ಪ," ಎಂದು ಬರೆದುಕೊಂಡು ಹೋದರು. ಮರುವಾರ ಅವನನ್ನು ಚಕ್ರದಿಂದ ಎಬ್ಬಿಸಿ ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಕೂರಿಸಿದರು.

ಆ ಕೋಣೆಗೆ ಕಿಟಕಿಯಿರಲಿಲ್ಲ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಮುನ್ನೂರು ಚಿಲ್ಲರೆ ಕೊಡೆಗಳು, ಒಂಟಿ ಚಪ್ಪಲಿಗಳು, ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಒಂದು. ಎಂಟು ತಿಂಗಳು ಅವನು ಕೊಡೆಗಳಿಗೆ ಚೀಟಿ ಅಂಟಿಸಿದ. ಹೊರಗೆ ಬಸ್ಸು ಹೊರಡುವ ಸದ್ದು ಕೇಳಿದಾಗಲೆಲ್ಲ ಅವನ ಎಡಗಾಲು ಮೇಜಿನ ಕೆಳಗೆ ತಾನಾಗಿ ನೆಲ ಒತ್ತುತ್ತಿತ್ತು. ಅವನು ಆಪರೇಷನ್ನಿಗೆ ಒಪ್ಪಿಕೊಂಡದ್ದು ಆರೋಗ್ಯದ ಆಸೆಗಲ್ಲ, ಆ ಚಕ್ರದ ಆಸೆಗೆ. ಅದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ.

ಆಪರೇಷನ್ನಿನಲ್ಲಿ ಹೊಟ್ಟೆಯ ಚೀಲದ ಬಹುಪಾಲನ್ನು ಕತ್ತರಿಸಿ ತೆಗೆದರು. ಉಳಿದದ್ದು ಬಾಳೆಹಣ್ಣಿನ ಗಾತ್ರದ್ದು. ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಹೆಂಗಸೊಬ್ಬಳಿದ್ದಳು, ವಯಸ್ಸಿನಲ್ಲಿ ಅವನ ಮಗಳಂತಿದ್ದರೂ ಮಾತಿನಲ್ಲಿ ಅವನ ಅಜ್ಜಿ.

"ಮಕ್ಕಳ ಚಮಚ ತಗೊಳ್ಳಿ. ಒಂದು ತುತ್ತಿಗೆ ಮೂವತ್ತು ಸಲ ಅಗೀಬೇಕು. ಬಾಯಲ್ಲಿ ಗಂಜಿ ಆದ ಮೇಲೇ ನುಂಗಬೇಕು. ಒಂದು ಊಟಕ್ಕೆ ಅರ್ಧ ಗಂಟೆ."

"ಅರ್ಧ ಗಂಟೇಲಿ ನಾನು ಅರ್ಧ ಊರು ದಾಟ್ತೀನಿ ಮೇಡಂ."

"ದಾಟಿ. ಆದ್ರೆ ಅಗಿಯದೆ ನುಂಗಿದ್ರೆ ಅದು ಎದೇಲಿ ಸಿಕ್ಕಾಕೊಳ್ಳತ್ತೆ. ಆಗ ನನ್ನ ನೆನಸ್ಕೋತೀರಿ."

ಮೊದಲು ನೀರಿನಂಥದ್ದು, ಆಮೇಲೆ ನುಣ್ಣಗೆ ರುಬ್ಬಿದ್ದು, ಎರಡು ತಿಂಗಳು ಕಳೆದ ಮೇಲೆ ನಿಜವಾದ ಊಟ. ಆ ಮೊದಲ ದಿನ ಅವನು ಬೇಯಿಸಿದ ತರಕಾರಿಯ ಒಂದು ಚೂರನ್ನು ಬಾಯಿಗಿಟ್ಟು ಬೆರಳು ಮಡಿಸುತ್ತಾ ಎಣಿಸಿದ. ಹದಿನೈದಕ್ಕೆ ಅವನ ಹುಬ್ಬು ಗಂಟಿಕ್ಕಿತು. ಮೂವತ್ತಕ್ಕೆ ನುಂಗಿ, ಹೆಂಡತಿಯನ್ನು ನೋಡಿ, "ಇದಕ್ಕೆ ಉಪ್ಪೇ ಇಲ್ವಲ್ಲೇ?" ಎಂದ.

"ನಾನು ಮೊದಲಿಂದ್ಲೂ ಉಪ್ಪು ಕಮ್ಮಿನೇ ಹಾಕೋದು," ಎಂದಳು ಹೆಂಡತಿ. "ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ. ಇವತ್ತು ಗೊತ್ತಾಯ್ತಾ?"

ಅವಳ ಊಟ ನಿಧಾನದ್ದು. ಅಷ್ಟು ವರ್ಷವೂ ಅವಳ ಎರಡನೆಯ ತುತ್ತಿಗೆ ಅವನು ಕೈ ತೊಳೆಯಲು ಎದ್ದುಬಿಡುತ್ತಿದ್ದ, ಅವಳು ಗೋಡೆ ನೋಡುತ್ತಾ ಒಬ್ಬಳೇ ಮುಗಿಸುತ್ತಿದ್ದಳು. ಅವತ್ತು ಇಬ್ಬರೂ ಒಟ್ಟಿಗೆ ಎದ್ದರು. ಅವಳಿಗೆ ಸಂತೋಷವಾಯಿತು. ಮರುದಿನದಿಂದ ಉಪ್ಪು ಒಂದು ಚಿಟಿಕೆ ಹೆಚ್ಚಾಯಿತು.

ತೂಕ ತೊಂಬತ್ತಾರಕ್ಕೆ ಇಳಿದಾಗ ಚಕ್ರ ಮತ್ತೆ ಅವನ ಕೈಗೆ ಬಂತು. ಸೀಟನ್ನು ಅದರ ಹಳಿಯ ಮೇಲೆ ನಾಲ್ಕು ಹಲ್ಲು ಮುಂದಕ್ಕೆ ಎಳೆದುಕೊಂಡು ಕೂತು, ಅಂಗಿಯ ಮೂರನೆಯ ಗುಂಡಿ ಮುಟ್ಟಿ ನೋಡಿಕೊಂಡ. ಆದರೆ ಅರ್ಧ ಗಂಟೆಯ ಊಟ ಹನ್ನೆರಡು ನಿಮಿಷದಲ್ಲಿ ಹಿಡಿಸುವುದಿಲ್ಲವಲ್ಲ. ಅವನ ಬಸ್ಸಿನ ಕಂಡಕ್ಟರ್ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ಅವನು ಅಕ್ಕ ಎನ್ನುತ್ತಿದ್ದ. ದಾರಿ ಕಂಡುಹಿಡಿದವಳು ಅವಳೇ. ಗಡಿಯಾರ ಗೋಪುರದಲ್ಲಿ ಐದು ತುತ್ತು, ಸಾಬೂನು ಕಾರ್ಖಾನೆಯಲ್ಲಿ ಐದು ತುತ್ತು. ಊಟ ಊರಿನ ಒಂದು ತುದಿಯಲ್ಲಿ ಶುರುವಾಗಿ ಇನ್ನೊಂದು ತುದಿಯಲ್ಲಿ ಮುಗಿಯುತ್ತಿತ್ತು. ಅವನ ದವಡೆ ನಿಲ್ಲುವ ತನಕ ಅಕ್ಕ ಸೀಟಿಯನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ.

ಹಾಗೆ ಹತ್ತು ವಾರ ಸುಸೂತ್ರವಾಗಿ ನಡೆಯಿತು. ಹನ್ನೊಂದನೆಯ ವಾರದ ಒಂದು ಮಧ್ಯಾಹ್ನ, ರೈಲ್ವೆ ಗೇಟು ಬಿದ್ದು ಬಸ್ಸು ಸಾಬೂನು ಕಾರ್ಖಾನೆ ಮುಟ್ಟಿದಾಗ ನಿಲುಗಡೆಯಲ್ಲಿ ಉಳಿದದ್ದು ನಾಲ್ಕು ನಿಮಿಷ. ಅವನು ಕೋಳಿಯ ತುಂಡೊಂದನ್ನು ಬಾಯಿಗಿಟ್ಟು ಆರೋ ಏಳೋ ಎಣಿಸಿದ್ದ. ಪಕ್ಕದಲ್ಲಿ ನಿಂತಿದ್ದ ಬೇರೆ ಬಸ್ಸಿನ ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಅಷ್ಟೇ. ಗುಳುಂ!

ಸೀಟಿ ತನ್ನದಲ್ಲವೆಂದು ಗೊತ್ತಾಗುವಷ್ಟರಲ್ಲಿ ತುಂಡು ಗಂಟಲು ದಾಟಿತ್ತು. ಏನೂ ಆಗಲಿಕ್ಕಿಲ್ಲವೆಂದು ತನಗೆ ತಾನೇ ಹೇಳಿಕೊಂಡು, ಸಮಯಕ್ಕೆ ಸರಿಯಾಗಿ ಬಸ್ಸು ಹೊರಡಿಸಿದ. ಮೂರನೆಯ ಸ್ಟಾಪು ದಾಟಿದ ಮೇಲೆ ಎದೆಯ ನಡುವೆ ಯಾರೋ ಮೊಣಕೈ ಊರಿದಂತಾಯಿತು. ಬಾಯಿ ತುಂಬ ನೊರೆನೊರೆಯಾದ ಜೊಲ್ಲು. ಅವನು ಬಸ್ಸನ್ನು ಪಕ್ಕಕ್ಕೆ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಆಮೇಲೆ ಇಳಿದು ಚರಂಡಿಯ ಬಳಿ ಕುಕ್ಕರಗಾಲಲ್ಲಿ ಕೂತ. ನಲವತ್ತನಾಲ್ಕು ಜನ ಕಿಟಕಿಯಿಂದ ನೋಡಿದರು. ತುಂಡು ಹೊರಗೆ ಬಿದ್ದು ಅವನ ಜೀವ ಮರಳಿ ಬಂದಾಗ ಒಂಬತ್ತು ನಿಮಿಷವಾಗಿತ್ತು.

ತಡವಾದರೆ ಟ್ರಿಪ್ಪಿನ ಹಾಳೆಯಲ್ಲಿ ಕಂಡಕ್ಟರ್ ಕಾರಣ ಬರೆಯಬೇಕು. ಅಕ್ಕ ಪೆನ್ನು ಹಿಡಿದು ಅವನ ಮುಖ ನೋಡಿದಳು.

"ಟ್ರಾಫಿಕ್ ಅಂತ ಬರೆದುಬಿಡ್ಲಾ?"

"ಬೇಡಕ್ಕ. ಅಷ್ಟು ಜನ ನೋಡಿದಾರೆ. ಯಾರಾದ್ರೂ ಬಾಯಿಬಿಟ್ರೆ ಹೋಗೋದು ನಿನ್ನ ಕೆಲಸ."

"ಇದ್ದದ್ದು ಬರೆದ್ರೆ ನಿನ್ನನ್ನ ಮತ್ತೆ ಕೊಡೆ ಎಣಿಸೋಕೆ ಹಾಕ್ತಾರೆ ಕಣೋ."

ಅವನು ಪೆನ್ನು ಈಸಿಕೊಂಡು ತಾನೇ ಬರೆದ. ತಡಕ್ಕೆ ಕಾರಣ: ಡ್ರೈವರ್ ಅಗಿಯದೆ ನುಂಗಿದ್ದು.

ಸಂಜೆಯೇ ಡಿಪೋ ಮ್ಯಾನೇಜರು ಕರೆಸಿದರು. ಮನುಷ್ಯ ಕೆಟ್ಟವರಲ್ಲ, ಆದರೆ ಸೇತುವೆಯ ಮೇಲೆ ಹೀಗಾಗಿದ್ದರೆ ಏನು ಗತಿ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

"ಸೀಟಿ ಕೇಳಿದ್ರೆ ಮತ್ತೆ ನುಂಗಲ್ಲ ಅಂತ ಏನಯ್ಯಾ ಗ್ಯಾರಂಟಿ?"

ಮ್ಯಾನೇಜರು ಟ್ರಿಪ್ಪಿನ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ನಾಳೆ ಮಧ್ಯಾಹ್ನ ಡಬ್ಬಿ ತಗೊಂಡು ಇಲ್ಲಿಗೆ ಬಾ. ನನ್ನ ಮುಂದೆ ಊಟ ಮಾಡು. ನೋಡಿ ಹೇಳ್ತೀನಿ."

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. ಹೆದರಿಕೆಯಾಗಿದೆ ಎಂದೂ ಹೇಳಿದ. ಅವಳು ಪಾತ್ರೆ ಒರೆಸುತ್ತಲೇ ಕೇಳಿಸಿಕೊಂಡಳು.

"ರೀ, ಬಾಯಲ್ಲಿ ತುತ್ತಿರೋವಾಗ ಯಾರಾದ್ರೂ ಕರೆದ್ರೆ ಜನ ಏನ್ಮಾಡ್ತಾರೆ? ಸ್ವಲ್ಪ ತಡೀರಿ ಅಂತ ಕೈ ಎತ್ತಿ ತೋರಿಸ್ತಾರೆ. ನೀವು ಯಾವತ್ತಾದ್ರೂ ತೋರಿಸಿದೀರಾ?"

ಅವನು ಯೋಚಿಸಿದ. ತೋರಿಸಿರಲಿಲ್ಲ. ಅಷ್ಟು ಹೊತ್ತು ಅವನ ಬಾಯಲ್ಲಿ ತುತ್ತು ಇದ್ದದ್ದೇ ಇಲ್ಲ.

ಮರುದಿನ ಮ್ಯಾನೇಜರು ಮೇಜಿನ ಮೇಲೆ ಕಾಗದಗಳನ್ನು ಸರಿಸಿ ಜಾಗ ಮಾಡಿದರು. ಅತ್ತ ಅವರ ಡಬ್ಬಿ, ಇತ್ತ ಇವನ ಡಬ್ಬಿ. ಮ್ಯಾನೇಜರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಯಾರನ್ನೋ ಬೈಯುತ್ತಲೇ ಐದು ನಿಮಿಷದಲ್ಲಿ ಮುಗಿಸಿ ತೇಗಿದರು. ಇವನದಿನ್ನೂ ಎರಡನೆಯ ತುತ್ತು. ಅವರು ಎರಡು ಕಾಗದಕ್ಕೆ ಸಹಿ ಹಾಕಿದರು, ಗಡಿಯಾರ ನೋಡಿದರು, ಕುರ್ಚಿ ಹಿಂದಕ್ಕೊರಗಿಸಿ ಮತ್ತೆ ಗಡಿಯಾರ ನೋಡಿದರು. ಇವನ ದವಡೆ ಮಾತ್ರ ಒಂದೇ ಲಯದಲ್ಲಿ ಆಡುತ್ತಿತ್ತು. ಆರನೆಯ ತುತ್ತಿಗೆ ಕೋಳಿಯ ತುಂಡು ಬಂತು. ಅವನು ಹದಿನೇಳು ಎಣಿಸಿದ್ದಾಗ ಮ್ಯಾನೇಜರು ಸದ್ದಿಲ್ಲದೆ ಡ್ರಾಯರ್ ಎಳೆದು ಸೀಟಿ ತೆಗೆದರು. ಎರಡು ಸಲ ಜೋರಾಗಿ ಊದಿದರು.

ಎಡಗಾಲು ನೆಲವನ್ನು ಒತ್ತಿಯೇಬಿಟ್ಟಿತು. ಎಡಗೈ ಗೇರು ಇರಬೇಕಾದ ಕಡೆಗೆ ಹೊರಟಿತು. ಗಂಟಲು ತೆರೆದುಕೊಂಡದ್ದು ಅವನಿಗೇ ತಿಳಿಯಿತು. ಆ ಕೈ ಅರ್ಧ ದಾರಿಯಲ್ಲಿ ನಿಂತು, ಮೇಲೆದ್ದು, ಮ್ಯಾನೇಜರ ಮುಖದ ಮುಂದೆ ಅಂಗೈ ಅಗಲಿಸಿತು. ಸ್ವಲ್ಪ ತಡೀರಿ.

ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಮ್ಯಾನೇಜರು ಸೀಟಿಯನ್ನು ತುಟಿಯಲ್ಲೇ ಹಿಡಿದುಕೊಂಡು ಕಾದರು. ಬಾಗಿಲ ಹೊರಗೆ ನಿಂತಿದ್ದ ಅಕ್ಕನೂ ಕಾದಳು. ಇಪ್ಪತ್ತಾರಕ್ಕೆ ಅವನ ಕಣ್ಣಂಚು ಒದ್ದೆಯಾಯಿತು, ಆದರೆ ಎಣಿಕೆ ತಪ್ಪಲಿಲ್ಲ. ಮೂವತ್ತಕ್ಕೆ ನುಂಗಿದ, ಬಾಯಿ ಒರೆಸಿಕೊಂಡ, ಕೈ ಕೆಳಗಿಳಿಸಿದ.

"ಈಗ ಹೇಳಿ ಸಾರ್."

ಮ್ಯಾನೇಜರು ಸೀಟಿಯನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದರು. ಅವನ ಡಬ್ಬಿಯಲ್ಲಿ ಇನ್ನೂ ನಾಲ್ಕು ತುತ್ತು ಉಳಿದಿತ್ತು.

"ಮುಗಿಸು," ಎಂದರು. "ಬಸ್ಸು ಕಾಯತ್ತೆ."