ನೆರಳು ಕಾಯುವ ಉಳವಪ್ಪಜ್ಜ

ಲಕ್ಷ್ಮೇಶ್ವರದ ನಮ್ಮ ಹಾಸ್ಟೆಲಿನಲ್ಲಿ ಊಟದ ಗಂಟೆ ಹೊಡೆಯುವವನು ಉಳವಪ್ಪಜ್ಜ. ನಾಲ್ಕೂ ಕಡೆ ಕೋಣೆಗಳು, ನಡುವೆ ಕಲ್ಲು ಹಾಸಿದ ಅಂಗಳ. ಪಡಸಾಲೆಯ ಮೂರನೆಯ ಕಂಬದ ನೆರಳು ಅಂಗಳದಲ್ಲಿ ಅವನೇ ಕೊರೆದ ಗೆರೆಯನ್ನು ಮುಟ್ಟಿದರೆ ಮಧ್ಯಾಹ್ನದ ಊಟ. ಎಂಬತ್ತು ಹುಡುಗರ ಕಿಸೆಯಲ್ಲಿ ಎಂಬತ್ತು ಮೊಬೈಲುಗಳಿದ್ದರೂ ಹಸಿವು ಆ ನೆರಳನ್ನೇ ನಂಬುತ್ತದೆ. ವಾರ್ಡನ್ ಸಾಹೇಬರು ಆಫೀಸಿನ ಗಡಿಯಾರ ತೋರಿಸಿದರೆ, ‘ಅದಕ್ಕೇನ್ ಗೊತ್ರಿ? ಅದು ಒಳಗ ಕುಂತಿರ್ತೈತಿ’ ಎನ್ನುತ್ತಾನೆ. ಮೋಡ ಮುಸುಕಿದ ದಿನ ಕಣ್ಣು ಮುಚ್ಚಿ ಕಂಬಕ್ಕೆ ಅಂಗೈ ಹಚ್ಚಿ ನಿಲ್ಲುತ್ತಾನೆ. ಕಲ್ಲು ಎಷ್ಟು ಬೆಚ್ಚಗಾಗಿದೆ ಎಂಬುದರ ಮೇಲೆ ನಮ್ಮ ರೊಟ್ಟಿ-ಪಲ್ಯ. ಆಗ ಇಡೀ ಕಟ್ಟಡವೇ ಅವನ ಅಂಗೈಯೊಳಗೆ ಜೊಂಪು ಹತ್ತಿ ಮಲಗಿದಂತೆ ಅನಿಸುತ್ತದೆ. ಸೋಮವಾರ ಮಾತ್ರ ಅವನು ಆ ಗೆರೆಯ ಮೇಲೆಯೇ ಧೋತರ ಹರವಿಕೊಂಡು ಕೂಡುತ್ತಾನೆ. ಮೊಣಕಾಲು ನೋವಿರಬೇಕು ಎಂದುಕೊಂಡಿದ್ದೆವು. ಗಂಟೆಯಾಗಿ ಪಂಕ್ತಿ ಕೂತ ಮೇಲೆ ಬಂದವರಿಗೆ ಊಟವಿಲ್ಲ ಎನ್ನುವುದು ಇಲ್ಲಿಯ ನಿಯಮ. ಪ್ರತಿ ರವಿವಾರ ಊರಿಗೆ ಹೋಗುವ ನಮ್ಮ ಹಾಸ್ಟೆಲಿನ ಮೌನೇಶ ಸೋಮವಾರ ಮರಳಿ ಬರುವ ಬೆಳ್ಳಟ್ಟಿ ಬಸ್ಸು ಎಂದೂ ಹೊತ್ತಿಗೆ ಬರುವುದಿಲ್ಲ. ‘ಉಳವಪ್ಪಾ, ಎರಡಾತು, ಗಂಟಿ ಹೊಡಿ’ ಎಂದು ವಾರ್ಡನ್ ಕೂಗಿದರೆ, ‘ನೆರಳು ಗೆರಿ ಮುಟ್ಟಿಲ್ರಿ ಇನ್ನಾ’ ಎಂದು ಕುಳಿತಲ್ಲಿಂದಲೇ ಉತ್ತರ. ಚೀಲ ಹೊತ್ತ ಮೌನೇಶ ಓಡುತ್ತ ಬಾಗಿಲು ದಾಟಿದ ಮೇಲೆ ಅಜ್ಜ ನಿಧಾನವಾಗಿ ಏಳುತ್ತಾನೆ, ಧೋತರದ ಧೂಳು ಕೊಡವುತ್ತಾನೆ, ಗೆರೆ ದಾಟಿ ಎರಡು ಮೊಳ ಮುಂದೆ ಹೋದ ನೆರಳಿನ ಕಡೆ ನೋಡದೆ ಹೇಳುತ್ತಾನೆ: ‘ಈಗ ಮುಟ್ಟಿತ್ ನೋಡ್ರಿ.’