ಅತ್ತೆ ಸೊಸೆಯಾದ ಆ ಭಾನುವಾರ

ಅತ್ತೆ ತಲೆ ಮೇಲೆ ಸೆರಗು ಹೊದ್ದು ನನ್ನೆದುರು ನಿಂತು, "ಅತ್ತಿಯವ್ರ, ಹನ್ನೆರಡ ವರ್ಷ ಆತು, ನನ್ನ ಅಡಿಗಿ ಚಲೋ ಐತಿ ಅಂತ ಒಂದ ದಿನಾರ ಅಂದೀರೇನ್ರಿ?" ಎಂದರು. ಬರೆದಿಟ್ಟ ಮಾತಿಲ್ಲದೆ, ನಿಂತಲ್ಲೇ ಮಾತು ಹುಟ್ಟಿಸಿ ನಗಿಸುವ ನಾಟಕ ಕಲಿಯಲು ವಿಜಯಪುರಕ್ಕೆ ನಾವಿಬ್ಬರೂ ಹೋದ ಮೊದಲ ದಿನವದು. ಕಲಿಸುವವರು ಅವರನ್ನು ಸೊಸೆ, ನನ್ನನ್ನು ಅತ್ತೆ ಮಾಡಿದ್ದರು. ನಾನು ಎಂದೂ ಬಾಯಿಬಿಟ್ಟು ಹೇಳದ ಮಾತು ಅವರ ಬಾಯಲ್ಲಿ! ಆದರೂ ಸೊಂಟದ ಮೇಲೆ ಕೈಯಿಟ್ಟು, "ಹೊಗಳಿದ್ರ ನೀ ತಲಿ ಮ್ಯಾಲ ಕುಂದರ್ತಿ ಅಂತ ಅಂಜಿಕಿ ಯವ್ವಾ ನನಗ" ಎಂದೆ. ಎಲ್ಲರಿಗಿಂತ ಜೋರಾಗಿ ಅತ್ತೆಯೇ ನಕ್ಕು ಕಣ್ಣೊರೆಸಿಕೊಂಡರು.

ಊರಿಗೆ ಮರಳುವ ತಿಕೋಟಾ ಬಸ್ಸಿನಲ್ಲಿ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊಗಳಿಕೆ ಇಂದಿಗೂ ಬಂದಿಲ್ಲ. ನನ್ನ ಆಸೆ ಅವರಿಗೆ ಮೊದಲೇ ಗೊತ್ತಿತ್ತೆಂದು ತಿಳಿದ ಮೇಲೆ ನಾನೂ ಅದರ ದಾರಿ ಕಾಯುವುದನ್ನು ಬಿಟ್ಟೆ. ಮೊದಲೆಲ್ಲ ಬಡಿಸಿ ಅವರ ಮುಖ ನೋಡುತ್ತ ನಿಲ್ಲುತ್ತಿದ್ದೆ; ಈಗ ಅವರು ಊಟಕ್ಕೆ ಕೂತರೆ ಪಕ್ಕದಲ್ಲೇ ನನ್ನ ತಾಟನ್ನೂ ಇಟ್ಟುಕೊಂಡು ಕೂರುತ್ತೇನೆ.